ಎಮ್ಮೆ ಇಳಿದರೆ ಗೋಕಟ್ಟೆ ಏರುತ್ತೆ, ಸಮುದ್ರ?

ದೀಪಾವಳಿಗೆ ಊರಿಗೆ ಹೋಗಿದ್ದೆ. ನಮ್ಮದು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ಅಕ್ಕನನ್ನು ಕೊಟ್ಟಿರುವುದು ಪಕ್ಕದ ಮೊಳಕಾಲ್ಮೂರಿಗೆ, ಹಬ್ಬಕ್ಕೆ ಅವಳೂ ಬಂದಿದ್ದಳು, ಜೊತೆಗೆ ಹನ್ನೊಂದು ವರ್ಷದ ಮಗ. ಈ ಸಲ ಹಿಂಗಾರು ಒಂದೆರಡು ಹದ ಜೋರಾಗಿ ಬಿದ್ದು ಊರ ಮುಂದಿನ ಗೋಕಟ್ಟೆ ತುಂಬಿತ್ತು. ಬೆಳಿಗ್ಗೆ ಅಲ್ಲಿ ಕೂತಿದ್ದಾಗ ಯಾರೋ ಹತ್ತು ಎಮ್ಮೆ ಹೊಡೆದುಕೊಂಡು ಬಂದು ನೀರಿಗಿಳಿಸಿದರು. ಹುಡುಗ ದಂಡೆಯ ಮೇಲಿದ್ದ ಒಂದು ಕಲ್ಲನ್ನೇ ನೋಡುತ್ತಿದ್ದ.

"ಮಾಮ, ಎಮ್ಮೆ ಇಳಿದ್ರೆ ನೀರು ಮೇಲಕ್ಕೆ ಬತ್ತೈತೆ. ಸಮುದ್ರದಾಗೆ ಅಷ್ಟು ದೊಡ್ಡ ತಿಮಿಂಗಿಲ, ಹಡಗು ಅದಾವಲ್ಲ, ಎಲ್ಲಾನೂ ಎತ್ತಿ ಈಚೆ ಹಾಕಿದ್ರೆ ನೀರು ಎಷ್ಟು ಇಳೀತೈತೆ?"

"ಇಳಿಯುತ್ತೆ ಕಣೋ, ಸ್ವಲ್ಪ" ಅಂದೆ.

"ಸ್ವಲ್ಪ ಅಂದ್ರೆ ಎಷ್ಟು?"

ಈಗಿನ ಮಕ್ಕಳ ಹತ್ತಿರ ಇದೇ ಕಷ್ಟ. ನಾನು ಬೆಂಗಳೂರಲ್ಲಿ ದಿನವಿಡೀ ಎಕ್ಸೆಲ್ ಶೀಟು ನೋಡುವ ಕೆಲಸದವನು, ಲೆಕ್ಕ ಬರಲ್ಲ ಅನ್ನೋ ಹಾಗೂ ಇಲ್ಲ. ಆವತ್ತು ರಾತ್ರಿ ಮಾಳಿಗೆ ಮೇಲೆ ಕೂತು (ನಮ್ಮೂರಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಅಲ್ಲೇ) ಲೆಕ್ಕ ಶುರು ಮಾಡಿದೆ.

ಮೊದಲು ಗೋಕಟ್ಟೆ. ಇಪ್ಪತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲ ಅಂದುಕೊಳ್ಳಿ. ನಾಲ್ಕುನೂರು ಕಿಲೋ ತೂಗುವ ಎಮ್ಮೆ ಕತ್ತಿನ ತನಕ ಮುಳುಗಿದರೆ ಹೆಚ್ಚು ಕಮ್ಮಿ ನಾಲ್ಕುನೂರು ಲೀಟರ್ ನೀರನ್ನು ಆಚೆ ತಳ್ಳುತ್ತೆ. ಆ ನೀರು ಕಟ್ಟೆಯ ತುಂಬ ಹರಡಿದರೆ ಒಂದು ಮಿಲಿಮೀಟರ್ ಏರಿಕೆ. ಹತ್ತು ಎಮ್ಮೆಗೆ ಒಂದು ಸೆಂಟಿಮೀಟರ್. ಹುಡುಗ ಕಲ್ಲಿನ ಮೇಲೆ ನೋಡಿದ್ದು ಸುಳ್ಳಲ್ಲ.

ಈಗ ಸಮುದ್ರ. ಭೂಮಿಯ ಸಾಗರಗಳೆಲ್ಲ ಸೇರಿ 36 ಕೋಟಿ ಚದರ ಕಿಲೋಮೀಟರಿಗಿಂತ ದೊಡ್ಡವು. ಅಷ್ಟಗಲ ಒಂದೇ ಒಂದು ಮಿಲಿಮೀಟರ್ ನೀರು ಏರಬೇಕು ಅಂದರೆ 361 ಘನ ಕಿಲೋಮೀಟರ್ ನೀರು ಬೇಕು. ಈ ಘನ ಕಿಲೋಮೀಟರ್ ನಮ್ಮ ತಲೆಗೆ ಹತ್ತಲ್ಲ. ಕಾವೇರಿ ಗಲಾಟೆಯ ದೆಸೆಯಿಂದ ನಮಗೆಲ್ಲ ಗೊತ್ತಿರುವುದು ಟಿಎಂಸಿ. ಆ ಲೆಕ್ಕದಲ್ಲಿ ಸುಮಾರು 12,750 ಟಿಎಂಸಿ. ಕೆಆರ್‌ಎಸ್ ತುಂಬಿದರೆ 49 ಟಿಎಂಸಿ ಚಿಲ್ಲರೆ. ನಮ್ಮ ಜಿಲ್ಲೆಯ ಮಾರಿಕಣಿವೆ, ಅಂದರೆ ಹಿರಿಯೂರು ಹತ್ತಿರದ ವಾಣಿವಿಲಾಸ ಸಾಗರ, ತುಂಬಿದರೆ 30.42 ಟಿಎಂಸಿ. ಸಮುದ್ರವನ್ನು ಒಂದು ಮಿಲಿಮೀಟರ್ ಏರಿಸಲು ಹೀಗೆ ತುಂಬಿದ ಮಾರಿಕಣಿವೆಗಳು 420 ಬೇಕು. ನಮ್ಮದು 1907ರಲ್ಲಿ ಕಟ್ಟಿ ಮುಗಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದಮೇಲೆ ಮತ್ತೆ ಕೋಡಿ ಬೀಳಲು 2022ರ ಸೆಪ್ಟೆಂಬರ್ ಬರಬೇಕಾಯಿತು, 89 ವರ್ಷ. ಒಂದು ಸಲ ತುಂಬುವುದೇ ಅಷ್ಟು ಕಷ್ಟ ಇರುವಾಗ 420 ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಮಿಲಿಮೀಟರ್ ಬಿಟ್ಟು ಮೈಕ್ರಾನಿಗೆ ಬಂದೆ. ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಮಾರಿಕಣಿವೆಯನ್ನು ಹಾಗೇ ಎತ್ತಿ ಸಮುದ್ರಕ್ಕೆ ಸುರಿದರೆ ಎರಡೂವರೆ ಮೈಕ್ರಾನ್ ಏರುತ್ತೆ, ಅಷ್ಟೇ.

ಹಡಗು ನೋಡೋಣ. ಇವತ್ತು ಜಗತ್ತಿನ ಸರಕು ಹಡಗುಗಳೆಲ್ಲ ಸೇರಿ 220 ಕೋಟಿ ಟನ್ನಿಗಿಂತ ಹೆಚ್ಚು ಹೊರಬಲ್ಲವು. ಹಡಗುಗಳ ಸ್ವಂತ ತೂಕವನ್ನೂ ಸೇರಿಸಿ ಎಲ್ಲ ಭರ್ತಿಯಾಗಿ ಒಂದೇ ದಿನ ನೀರಲ್ಲಿವೆ ಅಂದುಕೊಂಡರೂ 300 ಕೋಟಿ ಟನ್ ಆಸುಪಾಸು. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ತಳ್ಳುತ್ತೆ. ಹೈಸ್ಕೂಲಲ್ಲಿ ಬಾಯಿಪಾಠ ಮಾಡಿದ ಆರ್ಕಿಮಿಡೀಸ್ ಹೇಳಿದ್ದು ಇದನ್ನೇ. 300 ಕೋಟಿ ಟನ್ ನೀರು ಅಂದರೆ ಮೂರೂವರೆ ಮಾರಿಕಣಿವೆ. ಅಷ್ಟೂ ಹಡಗನ್ನು ಒಟ್ಟಿಗೆ ಎತ್ತಿ ದಡಕ್ಕಿಟ್ಟರೆ ಸಮುದ್ರ ಇಳಿಯುವುದು ಎಂಟು ಮೈಕ್ರಾನ್, ಕೂದಲಿನ ಒಂಬತ್ತನೇ ಒಂದು ಪಾಲು. ಸಮುದ್ರ ಈಗ ವರ್ಷಕ್ಕೆ 4 ಮಿಲಿಮೀಟರಿಗಿಂತ ಹೆಚ್ಚು ಏರುತ್ತಿದೆ. ನಾವು ಹಡಗುಗಳನ್ನೆಲ್ಲ ತೆಗೆದು ಇಳಿಸಿದ್ದನ್ನು ಅದು ಒಂದು ದಿನ ಮುಗಿಯುವುದರೊಳಗೆ ತುಂಬಿಕೊಂಡುಬಿಡುತ್ತೆ.

ಇಲ್ಲಿ ಒಂದು ತಮಾಷೆ ಇದೆ. ಹಡಗು ಮುಳುಗಿದರೆ ಸಮುದ್ರ ಏರಲ್ಲ, ಇಳಿಯುತ್ತೆ! ತೇಲುವಾಗ ಅದು ತನ್ನ ತೂಕದಷ್ಟು ನೀರನ್ನು ತಳ್ಳಿರುತ್ತೆ. ಮುಳುಗಿ ತಳ ಸೇರಿದ ಮೇಲೆ ತನ್ನ ಕಬ್ಬಿಣ ಹಿಡಿಯುವ ಜಾಗದಷ್ಟನ್ನು ಮಾತ್ರ ತಳ್ಳುತ್ತೆ. ಕಬ್ಬಿಣ ನೀರಿಗಿಂತ ಏಳೆಂಟು ಪಟ್ಟು ಭಾರ, ಹಾಗಾಗಿ ಅದು ಹಿಡಿಯುವ ಜಾಗ ಕಮ್ಮಿ. ನಂಬಿಕೆ ಬರದಿದ್ದರೆ ಬಕೆಟ್ ನೀರಲ್ಲಿ ಸ್ಟೀಲ್ ಬಟ್ಟಲು ತೇಲಿಬಿಟ್ಟು, ಗೆರೆ ಎಳೆದು, ಆಮೇಲೆ ಮುಳುಗಿಸಿ ನೋಡಿ. ನಾವು ನೋಡಿದೆವು. ಅಮ್ಮ ಹಬ್ಬದ ದಿನ ಪಾತ್ರೆ ಯಾಕ್ರೋ ಮುಟ್ತೀರಾ ಅಂತ ಬೈದಳು.

ತಿಮಿಂಗಿಲದ ಲೆಕ್ಕಕ್ಕೆ ನಾನು ಬೇರೆ ದಾರಿ ಹಿಡಿದೆ. 'ತೆಗೆದರೆ ಏನಾಗುತ್ತೆ' ಅಂತ ಊಹಿಸಬೇಕಿಲ್ಲ, ಮನುಷ್ಯ ಆಗಲೇ ತೆಗೆದು ನೋಡಿದ್ದಾನೆ. 20ನೇ ಶತಮಾನದಲ್ಲಿ ಸುಮಾರು 29 ಲಕ್ಷ ತಿಮಿಂಗಿಲಗಳನ್ನು ಬೇಟೆಯಾಡಿದರು. ಒಂದಕ್ಕೆ ಸರಾಸರಿ 40 ಟನ್ ಹಿಡಿದರೂ ಅಷ್ಟೂ ಸೇರಿ ಸಮುದ್ರ ಇಳಿದದ್ದು ಮೈಕ್ರಾನಿನ ಮೂರನೇ ಒಂದು ಪಾಲು. ಜಾತಿಗೆ ಜಾತಿಯೇ ಅಳಿವಿನಂಚಿಗೆ ಹೋದವು, ಸಮುದ್ರಕ್ಕೆ ಗೊತ್ತೇ ಆಗಲಿಲ್ಲ.

ಮೀನುಗಳೆಲ್ಲ? 2018ರಲ್ಲಿ ಭೂಮಿಯ ಜೀವರಾಶಿಯನ್ನೆಲ್ಲ ತೂಗಿದ ಒಂದು ಪ್ರಸಿದ್ಧ ಅಧ್ಯಯನ ಬಂತು. ಅದರಲ್ಲಿ ತೂಕ ಇರುವುದು ಇಂಗಾಲದ ಲೆಕ್ಕದಲ್ಲಿ. ಅದನ್ನು ಹಸಿ ತೂಕಕ್ಕೆ ತಿರುಗಿಸಿದರೆ ಮೀನುಗಳೆಲ್ಲ ಸೇರಿ 15-20 ಮೈಕ್ರಾನ್. ಏಡಿ, ಸಿಗಡಿ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿ ಎಲ್ಲವನ್ನೂ ಹಿಡಿದರೂ ಮಿಲಿಮೀಟರಿನ ಐದನೇ ಒಂದು ಪಾಲು ಆಗಲ್ಲ. ಸಮುದ್ರದ ಸಕಲ ಜೀವವನ್ನೂ ಜರಡಿ ಹಿಡಿದು ಆಚೆ ಹಾಕಿದರೆ ನಮಗೆ ಸಿಗುವ ಬಿಡುವು ಎರಡು ವಾರ.

ಅದೂ ಪೂರ್ತಿ ಸರಿಯಲ್ಲ. ಎಮ್ಮೆ ಹೊರಗೆ ಹುಲ್ಲು ತಿಂದು ಬೆಳೆದು ಕಟ್ಟೆಗೆ ಇಳಿಯುತ್ತೆ. ಮೀನು ಹಾಗಲ್ಲ. ಅದರ ಮೈ ಸಮುದ್ರದ ನೀರಿನಿಂದ, ಅದೇ ನೀರಲ್ಲಿ ಕರಗಿದ್ದ ಪದಾರ್ಥದಿಂದಲೇ ಆದದ್ದು. ಒಂದು ಕಡೆ ಇದ್ದ ನೀರು ಇನ್ನೊಂದು ಕಡೆ ಮೀನಿನ ರೂಪದಲ್ಲಿ ಓಡಾಡುತ್ತಿದೆ. ಹವಳ, ಶಂಖಕ್ಕೂ ಇದೇ ಮಾತು. ಹೀಗಾಗಿ ಮೀನು ಹುಟ್ಟಿ ಹೆಚ್ಚಾದರೆ ಸಮುದ್ರ ಏರಲ್ಲ. ಸಮುದ್ರದ ಸ್ಪಂಜುಗಳು ನೀರು ಹೀರಿಕೊಳ್ಳದೇ ಇದ್ದಿದ್ದರೆ ಸಮುದ್ರ ಇನ್ನೆಷ್ಟು ಆಳ ಇರುತ್ತಿತ್ತೋ ಅಂತ ವಾಟ್ಸಾಪಲ್ಲಿ ಒಂದು ಜೋಕ್ ಓಡಾಡುತ್ತೆ. ಸ್ಪಂಜಿನೊಳಗಿನ ನೀರೂ ಸಮುದ್ರದಲ್ಲೇ ಇದೆಯಲ್ಲ ಸ್ವಾಮಿ!

ಬೆಳಿಗ್ಗೆ ಇಷ್ಟನ್ನೂ ಹೇಳಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಈಗ ಏರ್ತಾ ಐತಲ್ಲ, ಅದ್ಯಾಕೆ?" ಅಂದ.

ಇದಕ್ಕೆ ಚಳ್ಳಕೆರೆಯಲ್ಲಿ ಉತ್ತರ ಹೇಳುವುದು ಸುಲಭ. ಶೇಂಗಾ ಎಣ್ಣೆ ಮಿಲ್ಲುಗಳಿಂದ ಎಣ್ಣೆ ನಗರಿ ಅಂತ ಹೆಸರಾದ ಊರು. ಬಾಣಲೆಗೆ ಅಂಚಿನ ತನಕ ಎಣ್ಣೆ ಹಾಕಿ ಒಲೆ ಹಚ್ಚಬಾರದು ಅಂತ ಇಲ್ಲಿ ಮಕ್ಕಳಿಗೂ ಗೊತ್ತು. ಕಾದರೆ ಎಣ್ಣೆ ಉಬ್ಬುತ್ತೆ. ಸಮುದ್ರವೂ ಅಷ್ಟೇ. ಹೊಸದಾಗಿ ಒಂದು ತೊಟ್ಟು ಬಂದು ಸೇರದಿದ್ದರೂ ಬಿಸಿಯಾದಷ್ಟೂ ಉಬ್ಬುತ್ತೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2021ರ ವರದಿ ಪ್ರಕಾರ 1971ರಿಂದ 2018ರ ತನಕ ಸಮುದ್ರ ಏರಿದ್ದರಲ್ಲಿ ಅರ್ಧ ಪಾಲು ಇದೇ ಉಬ್ಬರ. 22 ಭಾಗ ಬೆಟ್ಟಗಳ ಮೇಲಿನ ಹಿಮನದಿಗಳು ಕರಗಿದ್ದು, 20 ಭಾಗ ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕದ ಹಿಮ. ಇವು ನೆಲದ ಮೇಲಿನ ಹಿಮ ಅನ್ನುವುದು ಮುಖ್ಯ. ನೀರಲ್ಲಿ ಆಗಲೇ ತೇಲುತ್ತಿರುವ ಹಿಮಗಡ್ಡೆ ಕರಗಿದರೆ ಮಟ್ಟ ಹೆಚ್ಚುಕಮ್ಮಿ ಹಾಗೇ ಇರುತ್ತೆ. ಲೋಟದಲ್ಲಿ ಐಸ್ ಹಾಕಿ, ಅಂಚಿನ ತನಕ ನೀರು ತುಂಬಿಸಿ ಇಟ್ಟುನೋಡಿ, ಕರಗಿದರೂ ಚೆಲ್ಲಲ್ಲ.

ಐವತ್ತು, ಇಪ್ಪತ್ತೆರಡು, ಇಪ್ಪತ್ತು. ಒಟ್ಟು 92. ಉಳಿದ ಎಂಟು?

ಆ ಎಂಟರ ಹೆಸರು ವರದಿಯಲ್ಲಿ 'ನೆಲದ ಮೇಲಿನ ನೀರಿನ ಸಂಗ್ರಹದಲ್ಲಿ ಆದ ಬದಲಾವಣೆ' ಅಂತ ಏನೋ ಗಂಭೀರವಾಗಿದೆ. ಅದರಲ್ಲಿ ದೊಡ್ಡ ಪಾತ್ರ ಅಂತರ್ಜಲದ್ದು, ಅಂದರೆ ಬೋರ್‌ವೆಲ್ಲಿನದು. ಇದನ್ನು ಓದಿದ ಮೇಲೆ ನನಗೆ ಲೆಕ್ಕ ತಮಾಷೆಯಾಗಿ ಉಳಿಯಲಿಲ್ಲ. ಯಾಕೆಂದರೆ ಆ ಹಬ್ಬದಲ್ಲಿ ನಮ್ಮ ಮನೆಯ ದೊಡ್ಡ ಚರ್ಚೆಯೇ ಬೋರ್ ಕೊರೆಸುವುದು.

ಎರಡೆಕರೆ ದಾಳಿಂಬೆ ಇದೆ. ಇರುವ ಬೋರು ಎರಡು ಗಂಟೆ ಓಡಿ ಗಾಳಿ ಎಳೆಯುತ್ತೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ತೋರಿಸುವವರು ಬಂದು ಹೋಗಿದ್ದರು. ಪಾಯಿಂಟಿಗೆ ಸುಣ್ಣದ ಗುರುತು ಹಾಕಿಯಾಗಿತ್ತು. ತಿರುಚೆಂಗೋಡಿನ ಬೋರ್ ಲಾರಿ ಪಕ್ಕದ ಊರಿಗೆ ಬಂದಿತ್ತು. ಅಪ್ಪನ ಲೆಕ್ಕದಲ್ಲಿ ಎಂಟುನೂರು ಅಡಿ, ಬೀಳದಿದ್ದರೆ ಸಾವಿರ. ದುಡ್ಡು ಹಾಕಬೇಕಾದವನು ನಾನು.

ಊಟದ ಹೊತ್ತಲ್ಲಿ ಎಂಟು ಭಾಗದ ವಿಷಯ ತೆಗೆದೆ. ಅಪ್ಪ ಸಮುದ್ರ ನೋಡಿದ್ದು ಒಂದೇ ಸಲ, ಮುರುಡೇಶ್ವರದಲ್ಲಿ. "ನಮ್ಮ ಬೋರಿನ ನೀರು ಕುಡಿದು ಸಮುದ್ರ ಉಬ್ಬೈತಾ? ನಮ್ಮ ಗಿಡಕ್ಕೇ ಸಾಲ್ತಿಲ್ಲ ಕಣಪ್ಪ" ಅಂತ ನಕ್ಕರು. ಅವರ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ವೇದಾವತಿ ಹಿರಿಯೂರು, ಚಳ್ಳಕೆರೆ ತಾಲ್ಲೂಕು ದಾಟಿ ಆಂಧ್ರಕ್ಕೆ ಹೋಗಿ, ಮತ್ತೆ ಬಳ್ಳಾರಿ ಕಡೆ ಹಗರಿಯಾಗಿ ಬಂದು ತುಂಗಭದ್ರೆ ಸೇರುತ್ತೆ. ಅಲ್ಲಿಂದ ಕೃಷ್ಣೆ, ಆಮೇಲೆ ಬಂಗಾಳಕೊಲ್ಲಿ. ಆದರೆ ವರ್ಷದಲ್ಲಿ ಬಹುಪಾಲು ಹೊಳೆಯಲ್ಲಿ ಮರಳು ಬಿಟ್ಟು ಏನೂ ಇರಲ್ಲ. ಹಾಗಾದರೆ ನಮ್ಮ ಹೊಲದ ನೀರು ಯಾವ ದಾರಿಯಲ್ಲಿ ಹೋಗುತ್ತೆ?

ಗಾಳಿಯ ದಾರಿಯಲ್ಲಿ. ಡ್ರಿಪ್ಪಿನಲ್ಲಿ ಬಿಟ್ಟ ನೀರನ್ನು ದಾಳಿಂಬೆ ಬೇರಿನಿಂದ ಎಳೆದು ಎಲೆಯಿಂದ ಉಸಿರುಬಿಡುತ್ತೆ. ಸ್ವಲ್ಪ ಮಣ್ಣಿನಿಂದಲೇ ಆರುತ್ತೆ. ಗಾಳಿ ಅದನ್ನು ಬಹಳ ದಿನ ಇಟ್ಟುಕೊಳ್ಳಲ್ಲ, ಹತ್ತು ದಿನದ ಆಸುಪಾಸಿನಲ್ಲಿ ಎಲ್ಲೋ ಸುರಿದುಬಿಡುತ್ತೆ. ಭೂಮಿಯ ಮುಕ್ಕಾಲು ಭಾಗ ಸಮುದ್ರವಾದ್ದರಿಂದ ಒಂದಿಷ್ಟು ನೇರ ಅಲ್ಲಿಗೇ, ಉಳಿದದ್ದು ಯಾವುದೋ ಹೊಳೆ ಹಿಡಿದು ತಡವಾಗಿ. ಮಳೆ ನೀರು ಭೂಮಿಗೆ ಇಳಿದು ನಾವು ತೆಗೆದಷ್ಟು ಮತ್ತೆ ತುಂಬಿದರೆ ಲೆಕ್ಕ ಸಮ. ತುಂಬದಿದ್ದರೆ, ಕಲ್ಲಿನ ಸಂದಿಯಲ್ಲಿ ಎಷ್ಟೋ ಮಳೆಗಾಲದಿಂದ ಕೂತಿದ್ದ ನೀರು ಕೊನೆಗೆ ಸೇರುವ ಜಾಗ ಒಂದೇ.

ನಮ್ಮ ಕಡೆ ತುಂಬಲ್ಲ. ಚಳ್ಳಕೆರೆಯಲ್ಲಿ ವರ್ಷದ ಮಳೆ ಸರಾಸರಿ 500 ಮಿಲಿಮೀಟರ್ ಮುಟ್ಟುವುದೇ ಕಷ್ಟ, ರಾಜ್ಯದಲ್ಲೇ ತೀರಾ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ಒಂದು. ಅಂತರ್ಜಲವನ್ನು ಅತಿಯಾಗಿ ಬಳಸಿದ ತಾಲ್ಲೂಕುಗಳ ಸರ್ಕಾರಿ ಪಟ್ಟಿಯಲ್ಲಿ ನಮ್ಮ ಹೆಸರಿದೆ. ಪಂಜಾಬಿನ ಹಾಗೆ ಆಳದ ಮೆಕ್ಕಲು ಮಣ್ಣಲ್ಲ ಇದು, ಗಟ್ಟಿ ಕಲ್ಲು. ಮೇಲಿನ ಸಡಿಲ ಪದರ ಬಿಟ್ಟರೆ ನೀರು ಇರುವುದು ಬಿರುಕುಗಳಲ್ಲಿ ಮಾತ್ರ. ಕೆಳಗೆ ಹೋದಷ್ಟೂ ಬಿರುಕು ಕಮ್ಮಿ, ಸಿಕ್ಕ ನೀರಲ್ಲಿ ಫ್ಲೋರೈಡ್ ಹೆಚ್ಚು. ಅಕ್ಕನ ಊರಿನ ಕಡೆಯೂ ಇದೇ ಗೋಳು. ರೇಷ್ಮೆ ಸೀರೆಗೆ ಹೆಸರಾದ ಮೊಳಕಾಲ್ಮೂರಿನಲ್ಲಿ ಹಿಪ್ಪುನೇರಳೆಗೆ ನೀರು ಬೇಕು, ಕುಡಿಯಲು ತುಂಗಭದ್ರೆಯ ಹಿನ್ನೀರಿನ ದಾರಿ ಕಾಯಬೇಕು. ಆ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ. ದಾರಿಯುದ್ದ ಬಾವಿ ತೋಡಿಸಿದ್ದಾಗಿ ಆತ ಬೇರೆಡೆಯ ಶಾಸನಗಳಲ್ಲಿ ಬರೆಸಿಕೊಂಡಿದ್ದಾನೆ. ಆ ಬಾವಿಗಳಿಗೆ ಎಂಟುನೂರು ಅಡಿ ಬೇಕಿರಲಿಲ್ಲ, ಪುಣ್ಯವಂತ.

ಒಂದು ಬೋರಿನ ಪಾಲು ಎಷ್ಟು ಅಂತಲೂ ಹಾಕಿದೆ. ಗಂಟೆಗೆ 5,000 ಲೀಟರ್, ದಿನಕ್ಕೆ ಆರು ಗಂಟೆ, ವರ್ಷಕ್ಕೆ 200 ದಿನ. 60 ಲಕ್ಷ ಲೀಟರ್ ಆಯಿತು. ಮಳೆ ಏನೂ ವಾಪಸ್ ತುಂಬಿಸಲಿಲ್ಲ ಅಂತ ಇಟ್ಟುಕೊಂಡರೂ ಸಮುದ್ರವನ್ನು ಒಂದು ಮೈಕ್ರಾನ್ ಏರಿಸಲು ಇಂಥ 60,000 ಬೋರು ಬೇಕು. ಅಪ್ಪನಿಗೆ ಸಮಾಧಾನವಾಯಿತು. ಆಮೇಲೆ ನಾನು ಇನ್ನೊಂದು ಸಂಖ್ಯೆ ಹೇಳಿದೆ. ಕೇಂದ್ರದ ಸಣ್ಣ ನೀರಾವರಿ ಗಣತಿ 2017-18ರಲ್ಲಿ ದೇಶದಲ್ಲಿ ಎಣಿಸಿದ ಬಾವಿ, ಬೋರ್‌ವೆಲ್ಲುಗಳು ಎರಡು ಕೋಟಿಗೂ ಹೆಚ್ಚು. ಜಗತ್ತಿನಲ್ಲಿ ಅತಿ ಹೆಚ್ಚು ಅಂತರ್ಜಲ ಎತ್ತುವ ದೇಶ ನಮ್ಮದೇ.

ಇದರ ಒಟ್ಟು ಪರಿಣಾಮವನ್ನು 2023ರಲ್ಲಿ ಸಿಯೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಕಿ-ವಿಯಾನ್ ಸಿಯೊ ಮತ್ತು ಜೊತೆಗಾರರು ವಿಚಿತ್ರವಾದ ರೀತಿಯಲ್ಲಿ ಪರೀಕ್ಷಿಸಿದರು. 1993ರಿಂದ 2010ರ ತನಕ ಜಗತ್ತು ಎತ್ತಿ ಖಾಲಿ ಮಾಡಿದ ಅಂತರ್ಜಲ 2,150 ಘನ ಕಿಲೋಮೀಟರ್ ಅಂತ ಒಂದು ಅಂದಾಜಿತ್ತು, ನಮ್ಮ ಲೆಕ್ಕದಲ್ಲಿ 2,500 ಮಾರಿಕಣಿವೆ. ಸಮುದ್ರಕ್ಕೆ ಸೇರಿದರೆ ಆರು ಮಿಲಿಮೀಟರ್ ಏರಿಕೆ. ಅಷ್ಟು ಭಾರ ನೆಲದಿಂದ ಸಮುದ್ರಕ್ಕೆ ಸರಿದರೆ ಭೂಮಿ ತಿರುಗುವ ಅಕ್ಷವೂ ಸರಿಯಬೇಕಲ್ಲ? ಸರಿದಿತ್ತು. ಅಂತರ್ಜಲವನ್ನು ಲೆಕ್ಕಕ್ಕೆ ತೆಗೆದುಕೊಂಡಾಗಲೇ ಅಕ್ಷದ ಚಲನೆ ತಾಳೆಯಾಯಿತು, ಅದರ ಪಾಲು ಸುಮಾರು 80 ಸೆಂಟಿಮೀಟರ್. ಇದರಲ್ಲಿ ಮುಖ್ಯ ಪಾತ್ರ ವಾಯವ್ಯ ಭಾರತ ಮತ್ತು ಅಮೆರಿಕದ ಪಶ್ಚಿಮ ಭಾಗದ್ದು, ಚಳ್ಳಕೆರೆಯದ್ದಲ್ಲ. ಆದರೂ ಹಡಗು, ತಿಮಿಂಗಿಲ, ಮೀನು ಎಲ್ಲ ಸೇರಿ ಮಾಡಲಾಗದ್ದನ್ನು ಪಂಪ್‌ಸೆಟ್ಟುಗಳು ಮಾಡಿವೆ.

ಇನ್ನೊಂದು ಕಡೆಯಿಂದಲೂ ನೋಡಬೇಕು. ನಾವು ನೀರನ್ನು ತಡೆದೂ ಇದ್ದೇವೆ. 20ನೇ ಶತಮಾನದಲ್ಲಿ ಕಟ್ಟಿದ ಅಣೆಕಟ್ಟುಗಳೆಲ್ಲ ಸೇರಿ ಸುಮಾರು 10,800 ಘನ ಕಿಲೋಮೀಟರ್ ನೀರು ಹಿಡಿದಿಟ್ಟಿದ್ದರಿಂದ ಸಮುದ್ರ ಸುಮಾರು ಮೂರು ಸೆಂಟಿಮೀಟರ್ ಕಮ್ಮಿ ಏರಿತು ಅಂತ 2008ರ ಒಂದು ಲೆಕ್ಕ ಹೇಳುತ್ತೆ. ಮೈಸೂರು ಅರಸರು ಮಾರಿಕಣಿವೆ ಕಟ್ಟಿಸಿದ್ದು ಸಮುದ್ರದ ಯೋಚನೆಯಿಂದಲ್ಲ, ಬರದ ಯೋಚನೆಯಿಂದ. ಅದರಲ್ಲೂ ಎರಡೂವರೆ ಮೈಕ್ರಾನ್ ಪಾಲು ಸೇರಿಹೋಗಿದೆ.

ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವಳು ಉಳ್ಳಾಲದ ಕಡೆಯವಳು. ಮಳೆಗಾಲ ಬಂದರೆ ಅವಳ ಮನೆಯವರಿಗೆ ಕಡಲ್ಕೊರೆತದ್ದೇ ಚಿಂತೆ, ಕಲ್ಲು ಹಾಕಿದಷ್ಟೂ ಕಡಲು ಎಳೆದುಕೊಳ್ಳುತ್ತೆ ಅಂತಾಳೆ. ಅಲ್ಲಿನ ಕೊರೆತಕ್ಕೆ ಅಲೆ, ಮರಳು, ತಡೆಗೋಡೆ ಅಂತ ಬೇರೆ ಬೇರೆ ಕಾರಣಗಳಿವೆ. ನಮ್ಮ ಬೋರನ್ನು ಅದಕ್ಕೆ ಕಟ್ಟುವುದು ತಪ್ಪು. ಆದರೆ ನಮ್ಮೂರ ನೀರು ಹೋಯಿತು ಅಂತ ನಾವು, ನೀರು ಬಂತು ಅಂತ ಅವರು ಮಾತಾಡುವಾಗ ಅದು ಒಂದೇ ನೀರಿರಬಹುದು ಅಂತ ನನಗೆ ಇದುವರೆಗೆ ಹೊಳೆದಿರಲಿಲ್ಲ.

ಹಬ್ಬ ಮುಗಿಯುವ ಹೊತ್ತಿಗೆ ಬೋರ್ ವಿಷಯ ಇತ್ಯರ್ಥ ಆಗಬೇಕಿತ್ತು. ಸಮುದ್ರ ಏರುತ್ತೆ ಅಂತ ಹೇಳಿ ಅಪ್ಪನನ್ನು ತಡೆಯುವುದು ನನಗೆ ಸರಿ ಅನ್ನಿಸಲಿಲ್ಲ. ಒಣಗುತ್ತಿರುವ ಗಿಡದ ಮುಂದೆ ನಿಂತವನಿಗೆ ಮೈಕ್ರಾನ್ ಲೆಕ್ಕ ಹೇಳುವುದು ಅನ್ಯಾಯ. ನಾನು ಕೇಳಿದ್ದು ಬೇರೆ: ಎರಡು ಗಂಟೆಯಲ್ಲಿ ಗಾಳಿ ಎಳೆಯುವ ಬಿರುಕುಗಳಿಗೆ ನೀರು ಎಲ್ಲಿಂದ ಬರಬೇಕು? ಇನ್ನೂರು ಅಡಿ ಆಚೆ ಇನ್ನೊಂದು ತೂತು ಹೊಡೆದರೆ ಅಲ್ಲಿಗೆ ಎಲ್ಲಿಂದ ಬರುತ್ತೆ?

ಅಪ್ಪ ಉತ್ತರ ಕೊಡಲಿಲ್ಲ. ಎರಡು ದಿನ ಬಿಟ್ಟು ಲಾರಿಯವರಿಗೆ ಶಿವರಾತ್ರಿ ಆದಮೇಲೆ ನೋಡೋಣ ಅಂದರು. ಬೇಡ ಅನ್ನಲಿಲ್ಲ, ಮುಂದಕ್ಕೆ ಹಾಕಿದರು. ಬೋರ್ ಹಣದ ಒಂದು ಪಾಲಿನಲ್ಲಿ ಹಳೇ ಬೋರಿನ ಸುತ್ತ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಆಳದ ಇಂಗುಗುಂಡಿ ತೆಗೆಸಿದೆವು. ಕೇಸಿಂಗ್ ಪೈಪಿಗೆ ತೂತು ಹೊಡೆದು ಜಾಲರಿ ಸುತ್ತಿ, ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು. ಹೊಲದ ಮೇಲ್ಭಾಗದ ನೀರು ಅದಕ್ಕೆ ಬರುವ ಹಾಗೆ ಒಂದು ಕಾಲುವೆ. ನಮ್ಮ ಜಿಲ್ಲೆಯಲ್ಲಿ ಇದು ಹೊಸದೇನಲ್ಲ, ನಾವೇ ತಡ.

ಹುಡುಗ ಮೊಳಕಾಲ್ಮೂರಿಗೆ ಹೊರಡುವ ಮುಂಚೆ ಅದರ ಲೆಕ್ಕವನ್ನೂ ಹಾಕಿಸಿದ. ಕಲ್ಲು ಹಿಡಿಯುವ ಜಾಗ ಕಳೆದು ಗುಂಡಿಯಲ್ಲಿ ಒಂದು ಸಲಕ್ಕೆ 14,000 ಲೀಟರ್ ನಿಲ್ಲುತ್ತೆ. ವರ್ಷಕ್ಕೆ ಇಪ್ಪತ್ತೈದು ಸಲ ತುಂಬಿ ಇಂಗಿದರೆ ಸಮುದ್ರ ಎಷ್ಟು ಇಳೀತೈತೆ? ಸೊನ್ನೆ, ಚುಕ್ಕೆ, ಐದು ಸೊನ್ನೆ, ಆಮೇಲೆ ಒಂದು. ಅಷ್ಟು ಮೈಕ್ರಾನ್.

"ಇಳೀತೈತಲ್ಲ?" ಅಂದ.

ಇಳಿಯುತ್ತೆ ಅಂದೆ. ಗುಂಡಿ ತೆಗೆಸಿದ ಮೇಲೆ ಇನ್ನೂ ಮಳೆ ಬಂದಿಲ್ಲ. ಬಂದ ದಿನ ವಿಡಿಯೋ ಕಾಲ್ ಮಾಡ್ತೀನಿ, ನೆಟ್‌ವರ್ಕಿಗೆ ಮಾಳಿಗೆ ಹತ್ತಿ ಕೂರ್ತೀನಿ ಅಂದಿದ್ದಾರೆ ಅಪ್ಪ.